ಡರ್ಹಮ್ ಮಹಾ ಇಗರ್ಜಿ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ಯೂರೋಪಿನ ಮಧ್ಯಯುಗವೆಂದೊಡನೆ ನಮ್ಮ ನೆನಪಿಗೆ ಬರುವುದು ಅರಸರ ಪಟ್ಟಿ, ಪೋಪರ ಜಗಳ, ಧರ್ಮಯುದ್ಧಗಳ ಇಸವಿಗಳು. ಪರೀಕ್ಷೆಯ ದೃಷ್ಟಿಯಿಂದ ಇವು ಬೇಕಾದವೇ. ಆದರೆ ಒಂದು ಯುಗದ ಜನ ಏನನ್ನು ನಂಬಿದ್ದರು, ಯಾವುದಕ್ಕೆ ಹೆದರಿದ್ದರು, ಅವರ ಕೈಗಳಿಗೆ ಎಂತಹ ಕೆಲಸ ಸಾಧ್ಯವಾಗಿತ್ತು ಎಂಬುದನ್ನು ತಿಳಿಯಬೇಕಾದರೆ ಅವರು ಕಟ್ಟಿ ಬಿಟ್ಟುಹೋದ ಕಟ್ಟಡಗಳ ಕಡೆಗೆ ತಿರುಗಬೇಕು. ಅಂತಹ ಕಟ್ಟಡಗಳಲ್ಲಿ ಒಂದಾದ, ಉತ್ತರ ಇಂಗ್ಲೆಂಡಿನ ಡರ್ಹಮ್ ಮಹಾ ಇಗರ್ಜಿಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ಈ ಲೇಖನದ ಉದ್ದೇಶ. ಅದನ್ನು ನಾನು ಕಣ್ಣಾರೆ ಕಂಡವನಲ್ಲ. ಕಾಲೇಜಿನ ಪುಸ್ತಕಭಂಡಾರದಲ್ಲಿ ದೊರೆತ ನಕ್ಷೆಗಳನ್ನೂ ಚಿತ್ರಗಳನ್ನೂ ಮುಂದಿಟ್ಟುಕೊಂಡು, ಇತಿಹಾಸದ ಅಧ್ಯಾಪಕರು ತರಗತಿಯಲ್ಲಿ ಹೇಳಿದ ಮಾತುಗಳ ಬೆಳಕಿನಲ್ಲಿ ನಾನು ತಿಳಿದುಕೊಂಡುದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ರೋಮನೆಸ್ಕ್ ಶೈಲಿ

ಪಶ್ಚಿಮ ಯೂರೋಪಿನಲ್ಲಿ ಸುಮಾರು ಕ್ರಿ.ಶ. ೧೦೦೦ದಿಂದ ೧೨ನೆಯ ಶತಮಾನದ ಕೊನೆಯವರೆಗೆ ಕಟ್ಟಿದ ಇಗರ್ಜಿಗಳ ಶೈಲಿಗೆ ‘ರೋಮನೆಸ್ಕ್’ ಎಂದು ಹೆಸರು. ಕಟ್ಟಿದವರು ಈ ಹೆಸರನ್ನು ಕೇಳಿಯೇ ಇರಲಿಲ್ಲ. ೧೯ನೆಯ ಶತಮಾನದ ಆದಿಯಲ್ಲಿ ವಿದ್ವಾಂಸರು ಇದನ್ನು ಇಟ್ಟರು. ಲ್ಯಾಟಿನ್ ಭಾಷೆ ಮಾರ್ಪಟ್ಟು ಫ್ರೆಂಚ್, ಇಟಾಲಿಯನ್ ಮೊದಲಾದ ಭಾಷೆಗಳು ಹುಟ್ಟಿದಂತೆ, ರೋಮನರ ಕಟ್ಟಡಕಲೆ ಮಾರ್ಪಟ್ಟು ಈ ಶೈಲಿ ಹುಟ್ಟಿತೆಂಬುದು ಅವರ ಅಭಿಪ್ರಾಯವಾಗಿತ್ತು. ಇಂಗ್ಲೆಂಡಿಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ತಂದವರು ನಾರ್ಮನರಾದುದರಿಂದ ಅಲ್ಲಿ ಇದನ್ನು ‘ನಾರ್ಮನ್ ಶೈಲಿ’ ಎಂದೂ ಕರೆಯುತ್ತಾರೆ.

ಅರ್ಧವೃತ್ತದ ಕಮಾನು, ದಪ್ಪ ಗೋಡೆ, ಸಣ್ಣ ಕಿಟಕಿ, ಆನೆಯ ಕಾಲಿನಂತಹ ಕಂಬ — ಇವು ಈ ಶೈಲಿಯ ಲಕ್ಷಣಗಳೆಂದು ನಾವು ಬಾಯಿಪಾಠ ಮಾಡುತ್ತೇವೆ. ಆದರೆ ಇವು ಬಿಡಿಬಿಡಿಯಾದ ಲಕ್ಷಣಗಳಲ್ಲ. ಇವುಗಳಲ್ಲಿ ಹೆಚ್ಚಿನವು ಒಂದೇ ಕಾರಣದಿಂದ ಹುಟ್ಟಿದವು. ಆ ಕಾರಣವೇ ಕಲ್ಲಿನ ಚಾವಣಿ. ಹಿಂದಿನ ಇಗರ್ಜಿಗಳಿಗೆ ಮರದ ಚಾವಣಿ ಇರುತ್ತಿತ್ತು. ಒಂದು ಸಿಡಿಲು ಬಡಿದರೆ, ಒಂದು ಮೇಣದ ಬತ್ತಿ ಉರುಳಿದರೆ, ಒಂದು ಸಲ ಶತ್ರುಗಳು ಕೊಳ್ಳಿಯಿಟ್ಟರೆ ಎಲ್ಲವೂ ಬೂದಿ. ಆದುದರಿಂದ ನೆಲದಿಂದ ನೆತ್ತಿಯವರೆಗೆ ಕಲ್ಲಿನಲ್ಲೇ ಕಟ್ಟಬೇಕೆಂಬ ಆಸೆ ಆ ಕಾಲದ ಮಠಗಳಲ್ಲೂ ಬಿಷಪ್ಪರಲ್ಲೂ ಮೂಡಿತು. ಆಸೆಪಡುವುದು ಸುಲಭ, ಕಲ್ಲನ್ನು ಎಪ್ಪತ್ತಡಿ ಎತ್ತರದಲ್ಲಿ ನಿಲ್ಲಿಸುವುದು ಕಷ್ಟ. ಫ್ರಾನ್ಸಿನ ಬರ್ಗಂಡಿಯಲ್ಲಿದ್ದ ಕ್ಲೂನಿ ಮಠದ ಪ್ರಸಿದ್ಧ ಇಗರ್ಜಿಯಲ್ಲೇ ೧೧೨೫ರಲ್ಲಿ ಚಾವಣಿಯ ಒಂದು ಭಾಗ ಕುಸಿದುಬಿತ್ತು. ಹಾಗೆ ಕುಸಿಯದೆ ನಿಲ್ಲುವ ಉಪಾಯವನ್ನು ಹುಡುಕಿದವರ ಕಥೆಯೇ ಡರ್ಹಮಿನ ಕಥೆ.

ಒಬ್ಬ ಸಂತನ ಶವಪೆಟ್ಟಿಗೆ

ಡರ್ಹಮಿನ ಇತಿಹಾಸ ಆರಂಭವಾಗುವುದು ಡರ್ಹಮಿನಲ್ಲಲ್ಲ, ಇಂಗ್ಲೆಂಡಿನ ಈಶಾನ್ಯ ತೀರದ ಲಿಂಡಿಸ್‌ಫಾರ್ನ್ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿನ ಮಠದಲ್ಲಿ ಕತ್‌ಬರ್ಟ್ ಎಂಬ ಸನ್ಯಾಸಿಯಿದ್ದ. ಬಿಷಪ್ ಪದವಿ ದೊರೆತರೂ ಏಕಾಂತವನ್ನೇ ಬಯಸಿದ ಈತ ಸಮುದ್ರದ ನಡುವಣ ಇನ್ನೊಂದು ಸಣ್ಣ ದ್ವೀಪದಲ್ಲಿ ೬೮೭ರಲ್ಲಿ ತೀರಿಕೊಂಡ. ಹನ್ನೊಂದು ವರ್ಷಗಳಾದ ಮೇಲೆ ಸಮಾಧಿಯನ್ನು ತೆರೆದಾಗ ದೇಹ ಕೆಡದೆ ಇದ್ದಿತೆಂದು ಇತಿಹಾಸಕಾರ ಬೀಡ್ ಬರೆದಿದ್ದಾನೆ. ಅಂದಿನಿಂದ ಕತ್‌ಬರ್ಟನ ಕೀರ್ತಿ ಉತ್ತರ ಇಂಗ್ಲೆಂಡಿನಲ್ಲೆಲ್ಲ ಹರಡಿತು.

೭೯೩ರಲ್ಲಿ ವೈಕಿಂಗರು ಹಡಗುಗಳಲ್ಲಿ ಬಂದು ಲಿಂಡಿಸ್‌ಫಾರ್ನನ್ನು ಸೂರೆಮಾಡಿದರು. ದಾಳಿಗಳು ನಿಲ್ಲಲಿಲ್ಲ. ಕೊನೆಗೆ ೮೭೫ರಲ್ಲಿ ಮಠದವರು ಸಂತನ ಶವಪೆಟ್ಟಿಗೆಯನ್ನು ಹೊತ್ತುಕೊಂಡು ದ್ವೀಪವನ್ನೇ ಬಿಟ್ಟರು. ಏಳು ವರ್ಷ ಊರೂರು ಅಲೆದರೆಂದು ಪರಂಪರೆ ಹೇಳುತ್ತದೆ. ಚೆಸ್ಟರ್-ಲೆ-ಸ್ಟ್ರೀಟ್ ಎಂಬಲ್ಲಿ ನೂರಕ್ಕೂ ಹೆಚ್ಚು ವರ್ಷ ನೆಲಸಿ, ಅಲ್ಲಿಂದಲೂ ಎದ್ದು, ೯೯೫ರಲ್ಲಿ ಡರ್ಹಮಿಗೆ ಬಂದರು. ಶವಪೆಟ್ಟಿಗೆ ಮುಂದಕ್ಕೆ ಅಲುಗಲೊಲ್ಲದೆ ಹೋಯಿತೆಂದೂ, ಕಳೆದ ಹಸುವನ್ನು ಅರಸುತ್ತಿದ್ದ ಹೆಂಗಸೊಬ್ಬಳ ಮಾತಿನಿಂದ ಸನ್ಯಾಸಿಗಳಿಗೆ ದಾರಿ ತಿಳಿಯಿತೆಂದೂ ಐತಿಹ್ಯವಿದೆ. ಐತಿಹ್ಯ ಹೇಗೇ ಇರಲಿ, ಸ್ಥಳದ ಆಯ್ಕೆ ಜಾಣತನದ್ದು. ವಿಯರ್ ನದಿ ಇಲ್ಲಿ ಕುದುರೆಯ ಲಾಳದಂತೆ ಬಳಸಿ ಹರಿಯುತ್ತದೆ. ಮೂರು ಕಡೆ ನೀರು, ಕಡಿದಾದ ದಡ, ನಡುವೆ ಎತ್ತರದ ಬಂಡೆ. ಅಟ್ಟಿಸಿಕೊಂಡು ಬಂದವರಿಗೆ ಇದಕ್ಕಿಂತ ಒಳ್ಳೆಯ ಆಶ್ರಯ ಎಲ್ಲಿ ಸಿಕ್ಕೀತು?

ಗೆದ್ದವರ ಇಗರ್ಜಿ

೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದರು. ಉತ್ತರದ ಜನ ಸುಲಭವಾಗಿ ತಲೆಬಾಗಲಿಲ್ಲ. ೧೦೬೯ರ ಆದಿಯಲ್ಲಿ ವಿಲಿಯಂ ದೊರೆ ಕಳುಹಿಸಿದ ಅಧಿಕಾರಿಯನ್ನೂ ಅವನ ದಂಡನ್ನೂ ಡರ್ಹಮಿನಲ್ಲೇ ಕೊಂದುಹಾಕಿದರು. ಅದೇ ವರ್ಷದ ಚಳಿಗಾಲದಲ್ಲಿ ದೊರೆ ಸೇಡು ತೀರಿಸಿಕೊಂಡ. ಊರುಗಳನ್ನೂ ಪೈರನ್ನೂ ದನಕರುಗಳನ್ನೂ ನಾಶಪಡಿಸಿದುದರಿಂದ ಉತ್ತರ ಇಂಗ್ಲೆಂಡಿನಲ್ಲಿ ಘೋರ ಕ್ಷಾಮ ತಲೆದೋರಿತು. ೧೦೭೨ರಲ್ಲಿ ನದಿಯ ಬಂಡೆಯ ಮೇಲೆ ಕೋಟೆಯ ಕೆಲಸ ಆರಂಭವಾಯಿತು. ೧೦೮೦ರಲ್ಲಿ ಅಲ್ಲಿನ ಬಿಷಪ್ ವಾಲ್ಚರನನ್ನೂ ಜನ ಕೊಂದರು. ಇಂತಹ ಉರಿಯುವ ನೆಲದ ಮೇಲೆ ಇಗರ್ಜಿ ಎದ್ದಿತೆಂಬುದನ್ನು ನಾವು ಮರೆಯಬಾರದು.

ವಾಲ್ಚರನ ನಂತರ ಬಿಷಪ್ ಆದವನು ಸೇಂಟ್ ಕಲೇಯ ವಿಲಿಯಂ. ೧೦೮೩ರಲ್ಲಿ ಇವನು ಸಂತನ ಸಮಾಧಿಯನ್ನು ನೋಡಿಕೊಳ್ಳುತ್ತಿದ್ದ ಹಳೆಯ ಪಾದ್ರಿಗಳ ಸ್ಥಾನದಲ್ಲಿ ಬೆನೆಡಿಕ್ಟನ ನಿಯಮಗಳಿಗೆ ಒಳಪಟ್ಟ ಸನ್ಯಾಸಿಗಳನ್ನು ನೆಲೆಗೊಳಿಸಿದ. ಮುಂದೆ ದೊರೆಯ ಕೋಪಕ್ಕೆ ಗುರಿಯಾಗಿ ಮೂರು ವರ್ಷ ನಾರ್ಮಂಡಿಯಲ್ಲಿ ದೇಶಭ್ರಷ್ಟನಾಗಿದ್ದು, ಹಿಂದಿರುಗಿದ ಮೇಲೆ, ಮೊದಲಿದ್ದ ಇಗರ್ಜಿಯನ್ನು ಕೆಡವಿಸಿ ೧೦೯೩ನೆಯ ಆಗಸ್ಟ್ ೧೧ರಂದು ಹೊಸದಕ್ಕೆ ಅಸ್ತಿಭಾರ ಹಾಕಿಸಿದ. ಗೆದ್ದವರು ಸೋತವರ ಸಂತನನ್ನೇ ತಮ್ಮವನನ್ನಾಗಿ ಮಾಡಿಕೊಂಡು ಅವನ ಮೇಲೆ ಮಹಾಮಂದಿರ ಕಟ್ಟಿದುದರಲ್ಲಿ ಭಕ್ತಿ ಎಷ್ಟು, ರಾಜಕಾರಣ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಎರಡೂ ಇದ್ದವೆಂದು ಹೇಳುವುದೇ ನ್ಯಾಯ. ಕೋಟೆಯೂ ಇಗರ್ಜಿಯೂ ಒಂದೇ ಬಂಡೆಯ ಮೇಲೆ ಎದುರುಬದುರಾಗಿ ನಿಂತಿರುವುದೇ ಅದಕ್ಕೆ ಸಾಕ್ಷಿ. ಡರ್ಹಮಿನ ಬಿಷಪ್ಪರು ಸಾಮಂತ ರಾಜರಂತೆ ಲೌಕಿಕ ಅಧಿಕಾರವನ್ನೂ ನಡೆಸಿದರು. ಅವರ ಆ ಅಧಿಕಾರ ಮುಗಿದುದು ೧೮೩೬ರಲ್ಲಿ.

ಸೇಂಟ್ ಕಲೇಯ ವಿಲಿಯಂ ೧೦೯೬ರಲ್ಲಿ ತೀರಿಕೊಂಡ. ಕೆಲಸ ನಿಲ್ಲಲಿಲ್ಲ. ೧೦೯೯ರಲ್ಲಿ ಬಂದ ಬಿಷಪ್ ರ‍್ಯಾನಲ್ಫ್ ಫ್ಲ್ಯಾಂಬಾರ್ಡನ ಕಾಲದಲ್ಲಿ ಕಾಣಿಕೆಯ ಹಣ ಹೆಚ್ಚು ಬಂದಾಗ ಕೆಲಸ ಓಡುತ್ತಿತ್ತು, ಹಣ ಕಡಮೆಯಾದಾಗ ಕುಂಟುತ್ತಿತ್ತು. ೧೧೦೪ರ ವೇಳೆಗೆ ಪೂರ್ವಭಾಗ ಸಿದ್ಧವಾಗಿ ಕತ್‌ಬರ್ಟನ ದೇಹವನ್ನು ಅಲ್ಲಿಗೆ ತಂದಿರಿಸಿದರು. ೧೧೨೮ರಲ್ಲಿ ಫ್ಲ್ಯಾಂಬಾರ್ಡ್ ಸತ್ತಾಗ ನಡುಹಜಾರದ ಗೋಡೆಗಳು ಎದ್ದಿದ್ದವು. ಬಿಷಪ್ ಇಲ್ಲದ ಮುಂದಿನ ಐದು ವರ್ಷಗಳಲ್ಲಿ ಸನ್ಯಾಸಿಗಳೇ ನಿಂತು ಚಾವಣಿಯನ್ನು ಮುಗಿಸಿದರು. ೧೦೯೩ರಿಂದ ೧೧೩೩, ಒಟ್ಟು ನಲವತ್ತು ವರ್ಷ. ಅಷ್ಟು ದೊಡ್ಡ ಕಟ್ಟಡಕ್ಕೆ ಇದು ಅಲ್ಪಕಾಲವೇ ಸರಿ. ಮೊದಲ ಕಲ್ಲು ಇಟ್ಟ ದಿನ ಗಾರೆ ಕಲಸಿದ ಹುಡುಗ, ಬದುಕಿದ್ದರೆ, ಕೊನೆಯ ಕಲ್ಲನ್ನು ನೋಡಿ ಸಾಯಬಹುದಾಗಿತ್ತು.

ಒಳಗಣ ನೋಟ

ಇಗರ್ಜಿಯ ತಳವಿನ್ಯಾಸ ಶಿಲುಬೆಯ ಆಕಾರದ್ದು. ಪಶ್ಚಿಮದಿಂದ ಪೂರ್ವಕ್ಕೆ ಉದ್ದ ೪೬೯ ಅಡಿ. ಭಕ್ತರು ನಿಲ್ಲುವ ಪಶ್ಚಿಮದ ಉದ್ದನೆಯ ಭಾಗವನ್ನು ನಡುಹಜಾರವೆಂದು ಕರೆಯೋಣ. ಅದರ ಎಡಬಲಗಳಲ್ಲಿ ತಗ್ಗಾದ ಪಕ್ಕಸಾಲೆಗಳಿವೆ. ಮಧ್ಯದಲ್ಲಿ ಅಡ್ಡಹಜಾರ. ಉದ್ದವೂ ಅಡ್ಡವೂ ಕೂಡುವಲ್ಲಿ ಮೇಲೆ ೨೧೮ ಅಡಿ ಎತ್ತರದ ಗೋಪುರ. ಈಗಿರುವ ಗೋಪುರವನ್ನು ೧೫ನೆಯ ಶತಮಾನದಲ್ಲಿ, ಹಿಂದಿನದಕ್ಕೆ ಸಿಡಿಲು ಬಡಿದ ಮೇಲೆ ಕಟ್ಟಿದರು. ಅದರ ಆಚೆಗೆ ಪೂರ್ವದಲ್ಲಿ ಸನ್ಯಾಸಿಗಳು ಹಾಡಿ ಪ್ರಾರ್ಥಿಸುತ್ತಿದ್ದ ಗಾಯನಸ್ಥಾನ, ಅದರ ಹಿಂದೆ ಸಂತನ ಸಮಾಧಿ.

ನಡುಹಜಾರವನ್ನು ಹೊಕ್ಕವರ ಕಣ್ಣನ್ನು ಮೊದಲು ಸೆಳೆಯುವುವು ಕಂಬಗಳು. ಒಂದು ಬಿಟ್ಟು ಒಂದರಂತೆ ಎರಡು ಜಾತಿಯ ಕಂಬಗಳಿವೆ. ಮೊದಲನೆಯದು ಹಲವು ಸಣ್ಣ ಕಂಬಗಳನ್ನು ಒಟ್ಟಿಗೆ ಕಟ್ಟಿದಂತಹ ಗುಂಪುಕಂಬ. ಅದು ನೆಲದಿಂದ ಚಾವಣಿಯವರೆಗೆ ನೇರವಾಗಿ ಏರುತ್ತದೆ. ಎರಡನೆಯದು ದುಂಡುಕಂಬ. ಇದರ ಎತ್ತರ ಸುಮಾರು ೨೨ ಅಡಿ, ಸುತ್ತಳತೆಯೂ ಸುಮಾರು ೨೨ ಅಡಿ. ನಾಲ್ಕು ಜನ ಕೈಕೈ ಹಿಡಿದು ಅಪ್ಪಿದರೆ ಒಂದು ಕಂಬ! ಇಷ್ಟು ದಪ್ಪವಾದರೂ ಅವು ಒಡ್ಡೊಡ್ಡಾಗಿ ಕಾಣುವುದಿಲ್ಲ. ಒಂದರ ಮೇಲೆ ಅಂಕುಡೊಂಕಾದ ಗೆರೆಗಳು, ಇನ್ನೊಂದರ ಮೇಲೆ ವಜ್ರಾಕಾರದ ಮನೆಗಳು, ಮತ್ತೊಂದರ ಮೇಲೆ ಮೇಲಿನಿಂದ ಕೆಳಕ್ಕೆ ನೀಳವಾದ ಗೀರುಗಳು. ಪೂರ್ವಭಾಗದ ಕಂಬಗಳಿಗೆ ಹಗ್ಗ ಸುತ್ತಿದಂತೆ ಸುರುಳಿಗಳು. ಈ ಗೆರೆಗಳನ್ನು ಕಂಬ ನಿಂತ ಮೇಲೆ ಕೊರೆದುದಲ್ಲ. ಒಂದೊಂದು ಕಲ್ಲನ್ನೂ ಕೆಳಗೇ ಅಳತೆಯ ಅಚ್ಚಿಗೆ ಸರಿಯಾಗಿ ಕೆತ್ತಿ ಆಮೇಲೆ ಮೇಲೇರಿಸಿ ಜೋಡಿಸಿದ್ದಾರೆ. ಒಂದು ಕಲ್ಲು ಸ್ವಲ್ಪ ಜರುಗಿದರೂ ಗೆರೆ ಮುರಿದು ಕಾಣುತ್ತದೆ. ಮೋಡ ಕವಿದ ನಾಡಿನ ಮಂದ ಬೆಳಕಿನಲ್ಲಿ ಆಳವಾಗಿ ಕೊರೆದ ಈ ಗೆರೆಗಳ ನೆರಳೇ ಕಂಬಕ್ಕೆ ಅಲಂಕಾರ. ಮನುಷ್ಯರ ವಿಗ್ರಹಗಳಾಗಲಿ, ಎಲೆಬಳ್ಳಿಗಳಾಗಲಿ ಈ ಕಂಬಗಳ ಮೇಲಿಲ್ಲ.

ಭಾರ ಇಳಿಯುವುದೆಲ್ಲಿಗೆ?

ನಮ್ಮ ತಂದೆಯವರು ಕಲ್ಲುಕೆಲಸದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ರಜೆಯಲ್ಲಿ ಊರಿಗೆ ಹೋದಾಗ ಈ ನಡುಹಜಾರದ ಚಿತ್ರವನ್ನು ಅವರಿಗೆ ತೋರಿಸಿದೆ. ಕಂಬದ ಕೆತ್ತನೆಯನ್ನು ಅವರು ಹೆಚ್ಚು ಹೊತ್ತು ನೋಡಲಿಲ್ಲ. ಚಾವಣಿಯ ಮೇಲೆ ಬೆರಳಿಟ್ಟು, “ಇದರ ಭಾರ ಎಲ್ಲಾ ಎಲ್ಲಿಗಪ್ಪಾ ಇಳೀತದೆ?” ಎಂದು ಕೇಳಿದರು. ಗ್ರಂಥಕರ್ತರು ಅಧ್ಯಾಯಗಟ್ಟಲೆ ಬರೆದಿರುವುದೆಲ್ಲ ಈ ಒಂದು ಪ್ರಶ್ನೆಗೆ ಉತ್ತರವೇ ಆಗಿದೆ. ಆದುದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಎರಡು ಕಂಬಗಳ ಮೇಲೆ ಕಲ್ಲಿನ ತೊಲೆಯನ್ನಿಟ್ಟರೆ ಭಾರ ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಆದರೆ ಕಲ್ಲಿನ ತೊಲೆ ಬಹಳ ಉದ್ದವಾದರೆ ನಡುವೆ ಬಿರಿಯುತ್ತದೆ. ಹೆಚ್ಚು ಅಗಲವನ್ನು ದಾಟಬೇಕಾದರೆ ಸಣ್ಣ ಸಣ್ಣ ಕಲ್ಲುಗಳನ್ನು ಬಾಗಿಸಿ ಜೋಡಿಸಿದ ಕಮಾನು ಬೇಕು. ಕಮಾನಿನ ಗುಣವೇ ಬೇರೆ. ಅದು ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಹೊರಕ್ಕೂ ತಳ್ಳುತ್ತದೆ. ಪೀಪಾಯಿಯೊಂದನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂತೆ ಹಜಾರದ ಉದ್ದಕ್ಕೂ ಕಮಾನು ಚಾವಣಿಯನ್ನು ಕಟ್ಟಿದರೆ ಅದು ಎರಡು ಪಕ್ಕದ ಗೋಡೆಗಳನ್ನೂ ಉದ್ದಕ್ಕೂ ಹೊರಕ್ಕೆ ದೂಡುತ್ತಿರುತ್ತದೆ. ಗೋಡೆ ದಪ್ಪವಾಗಲೇಬೇಕು. ಅದರಲ್ಲಿ ದೊಡ್ಡ ಕಿಟಕಿಗಳನ್ನು ತೆಗೆದರೆ ಗೋಡೆ ಸಡಿಲವಾಗುತ್ತದೆ, ತೆಗೆಯದಿದ್ದರೆ ಒಳಗೆ ಕತ್ತಲೆ. ರೋಮನೆಸ್ಕ್ ಇಗರ್ಜಿಗಳ ಗಾಂಭೀರ್ಯವೆಂದು ನಾವು ಮೆಚ್ಚುವ ಆ ಮಬ್ಬಿನಲ್ಲಿ ಬಹುಪಾಲು ಹೀಗೆ ಹುಟ್ಟಿದುದು.

ಇದಕ್ಕೆ ಒಂದು ಪರಿಹಾರ ರೋಮನರಿಗೇ ತಿಳಿದಿತ್ತು. ಎರಡು ಪೀಪಾಯಿ ಕಮಾನುಗಳನ್ನು ಒಂದಕ್ಕೊಂದು ಅಡ್ಡವಾಗಿ ಹಾಯಿಸಿದರೆ ಭಾರವು ಗೋಡೆಯ ಉದ್ದಕ್ಕೂ ಹರಡದೆ ನಾಲ್ಕು ಮೂಲೆಗಳಿಗೆ ಬಂದು ಸೇರುತ್ತದೆ. ಆದರೆ ಆ ಎರಡು ಕಮಾನುಗಳು ಕೂಡುವ ಓರೆ ಅಂಚುಗಳಲ್ಲಿ ಕಲ್ಲನ್ನು ಸರಿಯಾಗಿ ಕೂಡಿಸುವುದು ಬಹಳ ಕಷ್ಟ. ಡರ್ಹಮಿನವರು ಆ ಓರೆ ಅಂಚುಗಳಲ್ಲೇ ಮೂಲೆಯಿಂದ ಮೂಲೆಗೆ ಕಲ್ಲಿನ ಕಮಾನುಪಟ್ಟಿಗಳನ್ನು ಎಬ್ಬಿಸಿದರು. ಎದೆಗೂಡಿನ ಎಲುಬುಗಳಂತೆ ಕಾಣುವುದರಿಂದ ಇವಕ್ಕೆ ಪಕ್ಕೆಲುಬುಗಳೆಂದು ಹೆಸರು. ಮೊದಲು ಮರದ ಅಚ್ಚಿನ ಆಸರೆಯ ಮೇಲೆ ಪಕ್ಕೆಲುಬುಗಳನ್ನು ಕಟ್ಟಿ, ಆಮೇಲೆ ಅವುಗಳ ನಡುವಣ ತೆರಪನ್ನು ಕಲ್ಲುಗಾರೆಗಳಿಂದ ಮುಚ್ಚಬಹುದು. ದೊಡ್ಡ ಇಗರ್ಜಿಯೊಂದರ ಎತ್ತರದ ಚಾವಣಿಯನ್ನೆಲ್ಲ ಈ ರೀತಿ ಕಟ್ಟಿದ ಅತ್ಯಂತ ಹಳೆಯ ನಿದರ್ಶನಗಳಲ್ಲಿ ಡರ್ಹಮ್ ಅಗ್ರಗಣ್ಯವೆಂಬುದು ವಿದ್ವಾಂಸರ ಮತ.

ಇನ್ನೊಂದು ತೊಡಕು ಉಳಿದಿತ್ತು. ಅರ್ಧವೃತ್ತದ ಕಮಾನಿನ ಎತ್ತರ ಅದರ ಅಗಲದ ಅರ್ಧದಷ್ಟೇ ಇರಬೇಕಷ್ಟೆ. ಒಂದು ಚೌಕದ ಮೂಲೆಯಿಂದ ಮೂಲೆಗೆ ಎಳೆದ ಗೆರೆ ಅದರ ಬದಿಗಿಂತ ಉದ್ದವೆಂಬುದನ್ನು ನಾವು ರೇಖಾಗಣಿತದಲ್ಲಿ ಕಲಿತಿದ್ದೇವೆ. ಹಾಗಾದರೆ ಓರೆಯಾಗಿ ಹೋಗುವ ಪಕ್ಕೆಲುಬು ಹೆಚ್ಚು ಎತ್ತರಕ್ಕೂ, ನೇರ ಅಡ್ಡವಾಗಿ ಹೋಗುವ ಕಮಾನು ಕಡಮೆ ಎತ್ತರಕ್ಕೂ ನಿಲ್ಲುತ್ತವೆ, ಚಾವಣಿ ಏರುತಗ್ಗಾಗುತ್ತದೆ. ನಡುಹಜಾರದ ಚಾವಣಿಯನ್ನು ಕಟ್ಟುವಾಗ ಡರ್ಹಮಿನವರು ಓರೆ ಪಕ್ಕೆಲುಬುಗಳನ್ನು ಅರ್ಧವೃತ್ತವಾಗಿಯೇ ಉಳಿಸಿ, ಅಡ್ಡ ಕಮಾನುಗಳನ್ನು ಮಾತ್ರ ನೆತ್ತಿಯಲ್ಲಿ ಚೂಪುಮಾಡಿದರು. ಚೂಪು ಕಮಾನನ್ನು ಅಗಲ ಬದಲಾಯಿಸದೆ ಬೇಕಾದಷ್ಟು ಎತ್ತರಿಸಬಹುದು. ನೆಲದಿಂದ ೭೩ ಅಡಿ ಎತ್ತರದಲ್ಲಿ ಎಲ್ಲ ನೆತ್ತಿಗಳೂ ಹೆಚ್ಚುಕಡಮೆ ಒಂದೇ ಮಟ್ಟಕ್ಕೆ ಬಂದವು. ಇದಲ್ಲದೆ ಪಕ್ಕಸಾಲೆಗಳ ಮೇಲಣ ಮಾಡಿನ ಕೆಳಗೆ ಕಾಲುವೃತ್ತದ ಕಮಾನುಗಳನ್ನು ಕಟ್ಟಿದ್ದಾರೆ. ಕೆಳಗೆ ನಿಂತು ಪ್ರಾರ್ಥಿಸುವವರಿಗಾಗಲಿ, ಹೊರಗೆ ನಿಂತು ನೋಡುವವರಿಗಾಗಲಿ ಅವು ಕಾಣುವುದಿಲ್ಲ. ಮುಂದೆ ಗಾಥಿಕ್ ಇಗರ್ಜಿಗಳ ಹೊರಗೆ ರೆಕ್ಕೆಗಳಂತೆ ಚಾಚಿಕೊಂಡ ಆನಿಕೆಯ ಕಮಾನುಗಳನ್ನು ಇವು ನೆನಪಿಗೆ ತರುತ್ತವೆ.

ಈ ವಿದ್ಯೆ ಒಂದೇ ದಿನದಲ್ಲಿ ಕೈಗೂಡಲಿಲ್ಲ. ಮೊದಲು ಮುಗಿದ ಪೂರ್ವಭಾಗದ ಚಾವಣಿ ಕಾಲಕ್ರಮದಲ್ಲಿ ಬಿರುಕುಬಿಟ್ಟು, ೧೩ನೆಯ ಶತಮಾನದಲ್ಲಿ ಅದನ್ನು ತೆಗೆದು ಬೇರೆ ಕಟ್ಟಬೇಕಾಯಿತು. ನಲವತ್ತು ವರ್ಷಗಳ ಕೆಲಸದ ಕೊನೆಯಲ್ಲಿ ಕಟ್ಟಿದ ನಡುಹಜಾರದ ಚಾವಣಿ ಮಾತ್ರ ಇಂದಿಗೂ ನಿಂತಿದೆ. ಪೂರ್ವದಿಂದ ಪಶ್ಚಿಮಕ್ಕೆ ನಡೆದರೆ ಕೆಲಸ ಕಲಿತವರ ಹೆಜ್ಜೆಗಳನ್ನೇ ಅನುಸರಿಸಿದಂತಾಗುತ್ತದೆ.

ಅನಂತರದ ಕಥೆ

ಮುಂದಿನ ಶತಮಾನಗಳ ಸಂಗತಿಗಳನ್ನು ಸಂಗ್ರಹವಾಗಿ ಹೇಳಬಹುದು. ೧೧೭೦ರ ಸುಮಾರಿನಲ್ಲಿ ಬಿಷಪ್ ಹ್ಯೂ ದ ಪುಯಿಸೆ ಪಶ್ಚಿಮದ ಕೊನೆಯಲ್ಲಿ ‘ಗ್ಯಾಲಿಲಿ’ ಎಂಬ ಮಂಟಪವನ್ನು ಕಟ್ಟಿಸಿದ. ತೆಳ್ಳನೆಯ ಕಂಬಗಳ, ಸಾಲು ಸಾಲು ಕಮಾನುಗಳ ಈ ಮಂಟಪ ನಡುಹಜಾರದ ಪಕ್ಕದಲ್ಲಿ ಹೂವಿನಂತೆ ಹಗುರ. ಇತಿಹಾಸಕಾರ ಬೀಡನ ಅಸ್ಥಿಗಳು ೧೩೭೦ರಿಂದ ಇಲ್ಲಿಯೇ ಇವೆ. ನಡುಹಜಾರದ ನೆಲದಲ್ಲಿ ಪಶ್ಚಿಮದ ಕಡೆಗೆ ಒಂದು ಕಪ್ಪು ಕಲ್ಲಿನ ಪಟ್ಟಿಯಿದೆ. ಮಠದ ಕಾಲದಲ್ಲಿ ಹೆಂಗಸರು ಅದನ್ನು ದಾಟಿ ಸಂತನ ಸಮಾಧಿಯ ಕಡೆಗೆ ಹೋಗುವಂತಿರಲಿಲ್ಲ. ಹೆಂಗಸೊಬ್ಬಳ ಮಾತಿನಿಂದ ದಾರಿ ತಿಳಿದು ಬಂದವರ ಇಗರ್ಜಿಯಲ್ಲಿ ಇಂತಹ ಗೆರೆ! ಆ ನಿಷೇಧ ಈಗಿಲ್ಲ, ಗೆರೆ ಮಾತ್ರ ಉಳಿದಿದೆ. ಎಂಟನೆಯ ಹೆನ್ರಿಯ ಕಾಲದಲ್ಲಿ ಸಂತನ ಸಮಾಧಿಯ ಬೆಲೆಬಾಳುವ ಅಲಂಕಾರಗಳನ್ನು ಕಿತ್ತರು. ೧೫೩೯ರ ಕೊನೆಯಲ್ಲಿ ಮಠವನ್ನು ಮುಚ್ಚಿದರು. ಇಗರ್ಜಿ ಉಳಿಯಿತು.

೧೬೫೦ರಲ್ಲಿ ನಡೆದುದು ಎಲ್ಲಕ್ಕಿಂತ ದಾರುಣವಾದುದು. ಡನ್‌ಬಾರ್ ಯುದ್ಧದಲ್ಲಿ ಕ್ರಾಂವೆಲ್ಲನ ಸೈನ್ಯಕ್ಕೆ ಸಿಕ್ಕಿಬಿದ್ದ ಸ್ಕಾಟ್ಲೆಂಡಿನ ಸುಮಾರು ೩೦೦೦ ಸೈನಿಕರನ್ನು ಈ ಇಗರ್ಜಿಯಲ್ಲಿ ಕೂಡಿಹಾಕಿದರು. ಹಸಿವು, ಚಳಿ, ಆಮಶಂಕೆಗಳಿಂದ ಸುಮಾರು ೧೭೦೦ ಮಂದಿ ಸತ್ತರು. ಬದುಕಿದವರು ಚಳಿ ಕಾಯಿಸಿಕೊಳ್ಳಲು ಒಳಗಿನ ಮರಗೆಲಸವನ್ನು ಕಿತ್ತು ಸುಟ್ಟರೆಂದು ಹೇಳುತ್ತಾರೆ. ೨೦೧೩ರಲ್ಲಿ ಇಗರ್ಜಿಯ ಹತ್ತಿರ ನೆಲ ಅಗೆದಾಗ ಸಿಕ್ಕಿದ ಅಸ್ಥಿಗಳು ಈ ಸೆರೆಯಾಳುಗಳವೇ ಎಂದು ೨೦೧೫ರಲ್ಲಿ ಶಾಸ್ತ್ರಜ್ಞರು ಸಾರಿದರು. ಇನ್ನು ೧೮ನೆಯ ಶತಮಾನದ ಕೊನೆಯಲ್ಲಿ ದುರಸ್ತಿಯ ಹೆಸರಿನಲ್ಲಿ ಹೊರಗೋಡೆಯ ಮರಳುಗಲ್ಲನ್ನು ಅಂಗುಲಗಟ್ಟಲೆ ಹೆರೆದುಹಾಕಿದರು. ಮಠದ ಸಭಾಮಂದಿರದ ಒಂದು ಭಾಗವನ್ನು ಕೆಡವಿದರು. ಗ್ಯಾಲಿಲಿ ಮಂಟಪವನ್ನೂ ಕೆಡವುವ ಆಲೋಚನೆಯಿತ್ತು. ಪುಣ್ಯಕ್ಕೆ ಅದು ತಪ್ಪಿತು. ೧೯೮೬ರಲ್ಲಿ ಡರ್ಹಮಿನ ಕೋಟೆ ಮತ್ತು ಇಗರ್ಜಿ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಉಪಸಂಹಾರ

ಡರ್ಹಮಿನ ಕೆಲಸ ಮುಗಿದ ಹನ್ನೊಂದು ವರ್ಷಗಳಿಗೆ, ೧೧೪೪ರಲ್ಲಿ, ಪ್ಯಾರಿಸ್ಸಿನ ಬಳಿಯ ಸೇಂಟ್ ಡೆನಿಸ್ ಮಠದ ಇಗರ್ಜಿಯ ಪೂರ್ವಭಾಗ ಪ್ರತಿಷ್ಠೆಯಾಯಿತು. ಗಾಥಿಕ್ ಶೈಲಿ ಅಲ್ಲಿಂದ ಆರಂಭವಾಯಿತೆಂದು ಹೇಳುವುದು ವಾಡಿಕೆ. ಪಕ್ಕೆಲುಬು, ಚೂಪು ಕಮಾನು, ಮೂಲೆಗಳಿಗೆ ಇಳಿಯುವ ಭಾರ — ಇವೆಲ್ಲ ಅಲ್ಲಿ ಒಂದುಗೂಡಿದವು. ಗೋಡೆ ಹೊರುವ ಕೆಲಸದಿಂದ ಬಿಡುಗಡೆ ಹೊಂದಿತು, ಅದರ ಜಾಗದಲ್ಲಿ ಬಣ್ಣದ ಗಾಜು ಬಂದಿತು. ಡರ್ಹಮಿನವರು ರೋಮನೆಸ್ಕ್ ಶೈಲಿಯ ದೊಡ್ಡ ಸಮಸ್ಯೆಯನ್ನು ಬಿಡಿಸಿದರು; ಬಿಡಿಸಿದ ಕೂಡಲೆ ಆ ದಪ್ಪ ಗೋಡೆಗಳ ಅವಶ್ಯಕತೆಯೇ ಇಲ್ಲವಾಯಿತು. ಆ ಶೈಲಿಯ ಶಿಖರವನ್ನೂ ಅದರ ಮುಕ್ತಾಯದ ಮೊದಲನ್ನೂ ಒಂದೇ ಸೂರಿನ ಕೆಳಗೆ ಕಾಣಬೇಕಾದರೆ ಡರ್ಹಮನ್ನೇ ನೋಡಬೇಕು.

ಈ ಉಪಾಯವನ್ನು ಕಂಡುಹಿಡಿದವರು ಯಾರು? ಕಟ್ಟಿಸಿದ ಬಿಷಪ್ಪರ ಹೆಸರುಗಳನ್ನು ಸನ್ಯಾಸಿಗಳು ಬರೆದಿಟ್ಟರು. ಕಲ್ಲುಕುಟಿಗರ ಮುಖ್ಯಸ್ಥನ ಹೆಸರು ಉಳಿದುಬಂದಿಲ್ಲ. ಡರ್ಹಮಿನ ನಡುಹಜಾರ ಏಳುತ್ತಿದ್ದ ಕಾಲದಲ್ಲೇ, ೧೧೧೭ರಲ್ಲಿ, ನಮ್ಮ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಅಲ್ಲಿನ ಶಿಲ್ಪಿಗಳಾದ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತಿ ಹೋದುದರಿಂದ ಒಂಬತ್ತು ನೂರು ವರ್ಷಗಳಾದರೂ ನಾವು ಅವರನ್ನು ಬಲ್ಲೆವು. ಡರ್ಹಮಿನವರಿಗೆ ಆ ಭಾಗ್ಯ ದೊರೆಯಲಿಲ್ಲ. ಆದರೆ ಸೇಂಟ್ ಕಲೇಯ ವಿಲಿಯಂ ಅಪ್ಪಣೆ ಕೊಡಬಲ್ಲವನಾಗಿದ್ದ, ಹಣ ಕೊಡಬಲ್ಲವನಾಗಿದ್ದ. ೭೩ ಅಡಿ ಎತ್ತರದಲ್ಲಿ ಕಲ್ಲು ಬೀಳದಂತೆ ನಿಲ್ಲುವುದು ಅಪ್ಪಣೆಗೂ ಹಣಕ್ಕೂ ಸಾಧ್ಯವಾಗುವ ಮಾತಲ್ಲ. ಅದಕ್ಕೆ ಅಳತೆದಾರ, ಅಚ್ಚು, ಉಳಿ, ಕಲ್ಲಿನ ಸ್ವಭಾವವನ್ನರಿತ ಕೈ ಬೇಕು. ಒಂದು ಕಡೆ ಬಿರುಕುಬಿಟ್ಟರೆ ಮುಂದಿನದನ್ನು ಬೇರೆ ರೀತಿ ಕಟ್ಟುವ ಬುದ್ಧಿ ಬೇಕು. ಇತಿಹಾಸದ ವಿದ್ಯಾರ್ಥಿಗಳಾದ ನಾವು ಕಟ್ಟಡವನ್ನು ಕುರಿತು ಓದುವಾಗ ಕಟ್ಟಿಸಿದವರ ಹೆಸರಿನ ಪಕ್ಕದಲ್ಲಿ ಕಟ್ಟಿದವರಿಗೂ ಒಂದು ಸಾಲಿನ ಜಾಗ ಬಿಡುವುದು ನ್ಯಾಯ. ಹೆಸರು ಸಿಕ್ಕದಿದ್ದಲ್ಲಿ ಆ ಸಾಲು ಬರಿದಾಗಿಯೇ ಇರಲಿ. ಅಲ್ಲಿ ಒಬ್ಬನಿದ್ದನೆಂಬುದಾದರೂ ಓದುವವರಿಗೆ ತಿಳಿಯುತ್ತದೆ.